ಹಗೇವು

ಮೊದಲು ದೀಪವಲ್ಲ, ಮೂಗು.
ಮುಚ್ಚಳ ಸರಿಸಿ, ಮಂಡಿಯೂರಿ
ಡೋರ್ಕಾಸಜ್ಜಿ ಕತ್ತಲನ್ನು ಮೂಸುತ್ತಾಳೆ.
ಏನೂ ಹೇಳುವುದಿಲ್ಲ.
ಆಮೇಲೆ ಕೈ ಚಾಚಿ, "ಹಗ್ಗ ಕೊಡು, ಆಮೋಸ್."

ಇಪ್ಪತ್ತೆರಡು ಮೆಟ್ಟಿಲ ಏಣಿ.
ಅವಳ ಮಾವನ ಅಪ್ಪ ಅಗೆದದ್ದಂತೆ ಇದನ್ನು,
ವಾಲ್ರಸ್ ದಂತ ಬಿಗಿದ ಕೋಲಿನಲ್ಲಿ, ಮೂರು ಬೇಸಿಗೆ,
ದಿನಕ್ಕೊಂದು ಗೇಣು.
ನೆಲ ಅಂದರೆ ಆಗ ನೆಲ:
ಯಾರ ಅಜ್ಜನೂ ಅದು ಕರಗಿದ್ದು ಕಂಡಿರಲಿಲ್ಲ.

ನಮ್ಮ ಹಗೇವಿನಲ್ಲಿ ಕಾಳಿಲ್ಲ.
ಅಲಾಸ್ಕದ ಈ ತುದಿಯಲ್ಲಿ ಬೆಳೆಯುವುದು ಪಾಚಿ, ಒಂದಿಷ್ಟು ಹುಲ್ಲು, ಗಾಳಿ.
ನಮ್ಮದು ತಿಮಿಂಗಿಲ. ಕಪ್ಪು ತೊಗಲು, ಅದರಡಿ ಗುಲಾಬಿ ಕೊಬ್ಬು,
ಮನೆಮನೆಗೂ ಪಾಲು ಹೋಗಿ ಉಳಿದದ್ದು
ಕತ್ತಲ ತಿಂಗಳುಗಳಿಗೆ.

ತಿಮಿಂಗಿಲವನ್ನು ಯಾರೂ ಹಿಡಿಯಲಾರರು, ಅಜ್ಜಿ ಹೇಳುತ್ತಾಳೆ,
ಅದು ತಾನಾಗಿ ಒಲಿಯಬೇಕು.
ಒಲಿಯುವ ಮುಂಚೆ ಮನೆ ನೋಡುತ್ತದೆ,
ಹೆಣ್ಣು ಕೊಡುವವರು ನೀರು ಕೇಳುವ ನೆಪದಲ್ಲಿ
ಅಡುಗೆಮನೆ ಇಣುಕುವ ಹಾಗೆ.
ಹಳೆ ನೆತ್ತರು ಕೆರೆದಿದ್ದಾರೋ,
ಹೊಸ ಹಿಮ ಹಾಸಿದ್ದಾರೋ,
ಮಲಗಲು ತಂಪಿದೆಯೋ.

ಅದಕ್ಕೇ ಪ್ರತಿ ಏಪ್ರಿಲ್ ಅವಳು ಇಳಿಯುವುದು.
ಅದಕ್ಕೇ ಮೇಲೆ ನಾನು, ಹಗ್ಗದ ತುದಿ, ಕಿವಿ.

ಕೇಳಬೇಕಾದ ಸದ್ದು: ಗೋರೆ ನೀರ್ಗಲ್ಲನ್ನು ಕೆರೆಯುವ ಕರಕರ.
ಕೇಳಿದ್ದು: ಛಳಕ್.

ಬಕೆಟ್ಟು ಮೇಲೆ ಬಂತು. ಚಹಾದ ಬಣ್ಣದ ನೀರು.
ಚೆಲ್ಲಿದೆ. ಇನ್ನೊಂದು. ಚೆಲ್ಲಿದೆ.
ಹದಿನೇಳರ ತನಕ ಎಣಿಸಿ ಬಿಟ್ಟೆ.
ಟಾರ್ಚು ಬಿಟ್ಟು ನೋಡಿದರೆ ಏಣಿಗೆ ಮೆಟ್ಟಿಲು ಇಪ್ಪತ್ತೊಂದು,
ಒಂದನ್ನು ಕೆಸರು ಇಟ್ಟುಕೊಂಡಿದೆ.

ಈ ವಾಸನೆ ನನಗೆ ಗೊತ್ತು.
ಹೋದ ಅಕ್ಟೋಬರಿನಲ್ಲಿ ಇದರ ಜಾಡು ಹಿಡಿದೇ ಕರಡಿ ಬಂದಿತ್ತು,
ಕಡಲು ಇನ್ನೂ ಹೆಪ್ಪುಗಟ್ಟದ ಅಕ್ಟೋಬರ್,
ಎಷ್ಟು ದೂರ ಈಜಿತ್ತೋ.
ಶಾಲೆಯ ಜೋಕಾಲಿಯ ಬಳಿ ನಿಂತು ಮೈ ಕೊಡವಿತು,
ಮಕ್ಕಳ ಜೋಕಾಲಿ ತೊಯ್ದು ತಾನೇ ತೂಗಿತು.
ಬಿಳಿ ಎನ್ನುತ್ತಾರೆ ಪುಸ್ತಕದಲ್ಲಿ; ಅದು ಹಳದಿ,
ಸೊಂಟದ ಮೂಳೆಗೆ ನೇತುಹಾಕಿದ ಹಳೆ ಕಂಬಳಿ.
ಕಾವಲಿನವರು ಪಟಾಕಿ ಸಿಡಿಸಿದರು.
ಅದು ಓಡಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಬಂದ ನೆಂಟ
ಎಲೆ ಎತ್ತಿದ್ದು ಕಂಡು ಹೊರಡುವ ಹಾಗೆ
ಹೊರಟಿತು, ಎರಡು ಸಲ ತಿರುಗಿ ನೋಡುತ್ತ.

ತಂತಿ ಇಳಿಬಿಟ್ಟು ಅಳೆಯುವ ಹುಡುಗಿಯೊಬ್ಬಳು ಬಂದಿದ್ದಳು.
ಒಳ್ಳೆಯವಳು. ಅಂಕಿ ಹೇಳುವಾಗ ದನಿ ತಗ್ಗಿಸಿದಳು,
ಕಾಯಿಲೆಯವರ ಕೋಣೆಯಲ್ಲಿ ತಗ್ಗಿಸುವಷ್ಟು.
ಫ್ರೀಜರ್ ಕೊಡಿಸಬಹುದು ಎಂದಳು, ದೊಡ್ಡದು.
"ಅತಿಥಿಯನ್ನು," ಅಜ್ಜಿ ಕೇಳಿದಳು,
"ಗುಂಯ್‌ಗುಟ್ಟುವ ಪೆಟ್ಟಿಗೆಯಲ್ಲಿ ಮಲಗಿಸುವುದೆ?"
ಆದರೂ ಅರ್ಜಿಗೆ ಸಹಿ ಹಾಕಿದಳು.
ನಾನು ನೋಡಿದೆ. ನಿಧಾನವಾಗಿ, ಪೂರ್ತಿ ಹೆಸರು.

ರೇಡಿಯೋ ಗೊರಗೊರ: ಕಡಲಲ್ಲಿ ಬಿರುಕು ತೆರೆದಿದೆ,
ಉಸಿರಿನ ಹಬೆ ಕಂಡವರಿದ್ದಾರೆ.
ಕೂಸಿಕ್ ಮಾವನ ಕೊರಳಲ್ಲಿ ಸಂಭ್ರಮವೂ ಇದೆ, ಲೆಕ್ಕವೂ.
ಹೋದ ವರ್ಷ ದಡದ ನೀರ್ಗಲ್ಲು ಭಾರ ತಾಳದೆ
ಎಳೆಯುವಾಗಲೇ ಮುರಿದಿತ್ತು; ಹಗ್ಗ ಕಡಿದು
ಜನರನ್ನು ಉಳಿಸಿಕೊಂಡೆವು, ತಿಮಿಂಗಿಲ ಮುಳುಗಿತು.
ಕೊಟ್ಟದ್ದನ್ನು ಕೈಜಾರಿಸಿದವರಿಗೆ ಮತ್ತೆ ಕೊಡುತ್ತದೆಯೆ?
ಯಾರೂ ಬಾಯಿಬಿಟ್ಟು ಕೇಳಿಲ್ಲ.

"ಅಜ್ಜಿ, ಬಿರುಕು ತೆರೆದಿದೆಯಂತೆ! ಮೇಲೆ ಬಾ."
ಕೆಳಗಿಂದ ತುಸು ಹೊತ್ತು ಏನೂ ಇಲ್ಲ.
ಹಗ್ಗ ಎರಡು ಸಲ ಜಗ್ಗಿತು.
"ಹಿಮ ಇಳಿಸು. ಮನೆ ಹಿಂದಿನದು,
ನಾಯಿ ತುಳಿಯದ್ದು."

ತುಂಬಿ ಇಳಿಸಿದೆ. ಖಾಲಿ ಬಂತು.
ಹಾಸುತ್ತಿದ್ದಾಳೆ, ಅಂಗೈ ಸವರುವ ಸದ್ದು ಕೇಳುತ್ತದೆ.
ಬೂದು ತಿರುಗಿ ಕುಸಿಯುತ್ತಿರಬೇಕು.
"ಇನ್ನೊಂದು," ಎನ್ನುತ್ತಾಳೆ.